ಅಂಡೋತ್ಪತ್ತಿ ಕಿಟ್‌ನ ಎರಡು ಗೆರೆಗಳನ್ನು ಓದುವುದು ಹೇಗೆ?

ಔಷಧ ಅಂಗಡಿಯಲ್ಲಿ ಈಗ ಎರಡು ಬಗೆಯ ಕಿಟ್ ಸಿಗುತ್ತವೆ. ಒಂದು, ಗರ್ಭ ನಿಂತಿದೆಯೇ ಎಂದು ನೋಡುವುದು. ಇನ್ನೊಂದು, ಅಂಡಾಶಯದಿಂದ ಅಂಡಾಣು ಹೊರಬರುವ ಹೊತ್ತು ಹತ್ತಿರವಾಗಿದೆಯೇ ಎಂದು ನೋಡುವುದು. ಕಣ್ಣಿಗೆ ಎರಡೂ ಒಂದೇ ತರಹ: ಬಿಳಿಯ ಪಟ್ಟಿ, ಅದರ ಮೇಲೆ ನಸುಗೆಂಪು ಗೆರೆಗಳು. ಆದರೆ ಓದುವ ಕ್ರಮ ಬೇರೆ. ಆಶಾ ಕಾರ್ಯಕರ್ತೆಯರ ಬಳಿ ಸಿಗುವ ‘ನಿಶ್ಚಯ’ ಕಿಟ್ ಗರ್ಭಪರೀಕ್ಷೆಯದು. ಅದರಲ್ಲಿ ಎರಡನೆಯ ಗೆರೆ ಮಸುಕಾಗಿ ಬಂದರೂ ಗರ್ಭದ ಸೂಚನೆಯೇ. ಅಂಡೋತ್ಪತ್ತಿ ಕಿಟ್‌ನಲ್ಲಿ ಮಸುಕು ಗೆರೆ ಬಂದರೆ ‘ಇನ್ನೂ ಇಲ್ಲ’ ಎಂದು ಅರ್ಥ. ಇದು ತಿಳಿಯದಿದ್ದರೆ ತಿಂಗಳ ಒಳ್ಳೆಯ ದಿನಗಳು ಕೈತಪ್ಪಿ ಹೋಗುತ್ತವೆ. ಆಮೇಲೆ ಮನೆಯವರು ಬೊಟ್ಟು ಮಾಡುವುದು ಸೊಸೆಯ ಕಡೆಗೇ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಈ ಪಟ್ಟಿ ತಿಳಿಸುವುದು ಹೊತ್ತನ್ನು ಮಾತ್ರ. ಮಗುವಾಗದಿರಲು ಯಾರು ಕಾರಣ ಎಂಬುದು ಅದಕ್ಕೆ ಗೊತ್ತಿಲ್ಲ.

ಪಟ್ಟಿ ಹುಡುಕುವುದು ಏನನ್ನು?

ಮಿದುಳಿನ ಕೆಳಭಾಗದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ತಿಂಗಳುದ್ದಕ್ಕೂ ಅದು ರಕ್ತದಲ್ಲಿ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಮಸುಕು ಗೆರೆಗೆ ಅದೇ ಕಾರಣ. ಅಂಡಾಣು ಪಕ್ವವಾದಾಗ ಎಲ್‌ಎಚ್ ಒಮ್ಮೆಲೇ ಏರುತ್ತದೆ. ಏರಿಕೆ ಶುರುವಾದ ಸುಮಾರು 24ರಿಂದ 36 ಗಂಟೆಗಳಲ್ಲಿ ಅಂಡಾಣು ಹೊರಬರುತ್ತದೆ. ಮೂತ್ರದಲ್ಲಿ ಕಾಣುವ ಈ ಏರಿಕೆಯನ್ನೇ ಪಟ್ಟಿ ಹಿಡಿಯುತ್ತದೆ.

ಹೊರಬಂದ ಅಂಡಾಣುವಿನ ಆಯುಷ್ಯ 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಬದುಕಬಲ್ಲದು. ಹೀಗಾಗಿ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡೋತ್ಪತ್ತಿಯ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ. ಅವುಗಳಲ್ಲಿಯೂ ಅಂಡೋತ್ಪತ್ತಿಗೆ ಮುಂಚಿನ ಎರಡು ದಿನಗಳು ಬಹಳ ಮುಖ್ಯ.

ಯಾವ ದಿನದಿಂದ ಶುರು ಮಾಡಬೇಕು?

ಮುಟ್ಟಿನ ರಕ್ತಸ್ರಾವ ಆರಂಭವಾದ ದಿನವೇ ಒಂದನೆಯ ದಿನ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಿದರೆ ಚಕ್ರದ ಉದ್ದ ಸಿಗುತ್ತದೆ. ಮಾರ್ಚ್ 3ಕ್ಕೆ ಮುಟ್ಟಾಗಿ ಮತ್ತೆ ಮಾರ್ಚ್ 31ಕ್ಕೆ ಆದರೆ ಚಕ್ರ 28 ದಿನದ್ದು. ಆ ಸಂಖ್ಯೆಯಲ್ಲಿ 17 ಕಳೆಯಿರಿ. 28 ದಿನದ ಚಕ್ರಕ್ಕೆ 11ನೆಯ ದಿನ, ಅಂದರೆ ಈ ಲೆಕ್ಕದಲ್ಲಿ ಏಪ್ರಿಲ್ 10ರಿಂದ ಪರೀಕ್ಷೆ ಆರಂಭಿಸಬೇಕು. 32 ದಿನದ ಚಕ್ರವಾದರೆ 15ನೆಯ ದಿನದಿಂದ. ಪ್ರತಿ ತಿಂಗಳು ಹೆಚ್ಚುಕಡಿಮೆಯಾಗುತ್ತಿದ್ದರೆ ಕಳೆದ ಆರು ತಿಂಗಳಲ್ಲಿ ಅತಿ ಚಿಕ್ಕದಾಗಿದ್ದ ಚಕ್ರವನ್ನು ಹಿಡಿದು ಲೆಕ್ಕ ಹಾಕಿ. ಅಂಥವರಿಗೆ ಒಂದು ಕಿಟ್‌ನಲ್ಲಿರುವ ಐದಾರು ಪಟ್ಟಿಗಳು ಸಾಲದೇ ಹೋಗಬಹುದು.

ಲೆಕ್ಕವನ್ನು ನೆನಪಿಗೆ ಬಿಡಬೇಡಿ. ಗೋಡೆಯ ಕ್ಯಾಲೆಂಡರ್ ಮೇಲೆ ಒಂದು ಚುಕ್ಕೆ ಇಟ್ಟರೆ ಸಾಕು; ತುಂಬಿದ ಮನೆಯಲ್ಲಿ ಅದು ಯಾರಿಗೂ ಅರ್ಥವಾಗಬೇಕಾಗಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭ ನಿಲ್ಲದಂತೆ ಕೊಡುವ ‘ಅಂತರಾ’ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದು, ಈಗ ಮಗು ಬೇಕೆಂದು ನಿಲ್ಲಿಸಿದವರಿಗೆ ಒಂದು ಮಾತು. ಕೊನೆಯ ಇಂಜೆಕ್ಷನ್‌ನಿಂದ ಮತ್ತೆ ಗರ್ಭ ಧರಿಸಲು ಸರಾಸರಿ 7ರಿಂದ 10 ತಿಂಗಳು ಬೇಕಾಗುತ್ತದೆ. ಆ ಅವಧಿಯಲ್ಲಿ ಗೆರೆ ಬರದಿದ್ದರೆ ಎದೆಗುಂದಬೇಡಿ, ದುಡ್ಡನ್ನೂ ಸುರಿಯಬೇಡಿ. ಮುಟ್ಟು ಒಂದು ಹದಕ್ಕೆ ಬಂದ ಮೇಲೆ ಕಿಟ್ ತನ್ನಿ.

ನಮ್ಮ ಬಿಸಿಲು ಮತ್ತು ಪಟ್ಟಿ

ಹೆಚ್ಚಿನ ಕಿಟ್‌ಗಳ ಮೇಲೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಇಡಬಾರದು ಎಂದು ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ನಮಗೇನೂ ಹೊಸದಲ್ಲ. ತಗಡಿನ ಮಾಳಿಗೆಯ ಕೋಣೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಬೈಕಿನ ಡಿಕ್ಕಿಯಲ್ಲಿ ಇಟ್ಟ ಪಟ್ಟಿಯನ್ನು ನಂಬಲಾಗದು. ಶಹಾಬಾದ್ ಕಲ್ಲಿನ ನೆಲದ ಒಳಕೋಣೆಯೋ ಕೂಲರ್ ಇರುವ ಕೋಣೆಯೋ, ಮನೆಯಲ್ಲಿ ಅತ್ಯಂತ ತಂಪಾದ ಜಾಗವನ್ನು ಆರಿಸಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಬೇಸಿಗೆಗೆ ಮುಂಚೆಯೇ ರಾಶಿ ತಂದಿಡುವ ಬದಲು ಆಯಾ ತಿಂಗಳು ಬೇಕಾದಷ್ಟೇ ಕೊಳ್ಳುವುದು ಮೇಲು. ಅವಧಿ ಮುಗಿಯುವ ದಿನಾಂಕ ನೋಡಿ. ಪೊಟ್ಟಣವನ್ನು ಪರೀಕ್ಷೆಯ ಹೊತ್ತಿಗೇ ಒಡೆಯಿರಿ, ಇಲ್ಲವಾದರೆ ತೇವ ಹೀರಿಕೊಳ್ಳುತ್ತದೆ.

ಬಿಸಿಲಿನ ಇನ್ನೊಂದು ತೊಡಕು ನೀರಿನದು. ಹೆಚ್ಚು ನೀರು, ಮಜ್ಜಿಗೆ ಕುಡಿದಾಗ ಮೂತ್ರ ತೆಳುವಾಗಿ ಗೆರೆ ಮಂಕಾಗುತ್ತದೆ. ಹಾಗೆಂದು ದಿನವಿಡೀ ಬಾಯಾರಿಕೊಂಡು ಇರುವುದು ಅಪಾಯ. ಹೊಲದಲ್ಲಿ ದುಡಿಯುವವರಿಗಂತೂ ಖಂಡಿತ ಬೇಡ. ಪರೀಕ್ಷೆಗೆ ಮುಂಚಿನ ಎರಡು ಗಂಟೆ ಹೆಚ್ಚು ಕುಡಿಯದೆ, ಆ ಎರಡು ಗಂಟೆ ಮೂತ್ರವನ್ನೂ ತಡೆದಿಟ್ಟುಕೊಂಡರೆ ಸಾಕು. ಉರಿಬಿಸಿಲಿನಲ್ಲಿ ಅದೂ ಆಗದಿದ್ದರೆ ಬೆಳಗ್ಗೆ 10ರ ಹೊತ್ತನ್ನೋ ಸಂಜೆಯನ್ನೋ ಆರಿಸಿಕೊಳ್ಳಿ.

ಪರೀಕ್ಷೆ ಮಾಡುವ ಬಗೆ

ಗರ್ಭಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಇಲ್ಲಿ ಹಾಗಲ್ಲ. ಎಲ್‌ಎಚ್ ಏರಿಕೆ ಎಷ್ಟೋ ಸಲ ನಸುಕಿನಲ್ಲಿ ಆರಂಭವಾಗಿ ಕೆಲವು ಗಂಟೆಗಳ ಬಳಿಕ ಮೂತ್ರಕ್ಕೆ ಇಳಿಯುತ್ತದೆ. ಬೆಳಗ್ಗೆ 10ರಿಂದ ರಾತ್ರಿ 8ರ ನಡುವೆ ಒಂದು ಹೊತ್ತು ಗೊತ್ತುಮಾಡಿಕೊಂಡು ದಿನವೂ ಅದೇ ಹೊತ್ತಿಗೆ ಮಾಡಿ. ಕೆಲವು ಕಂಪನಿಗಳ ಕಿಟ್ ಬೇರೆ ಹೊತ್ತು ಸೂಚಿಸುತ್ತದೆ. ಆಗ ಒಳಗಿನ ಚೀಟಿಯ ಮಾತೇ ಅಂತಿಮ.

ಒಣಗಿದ ಶುಚಿಯಾದ ಲೋಟದಲ್ಲಿ ಮೂತ್ರ ಹಿಡಿದು, ಪಟ್ಟಿಯನ್ನು ಗುರುತಿನ ಗೆರೆಯವರೆಗೆ ಮಾತ್ರ ಅದ್ದಿ, ಚೀಟಿ ಹೇಳಿದಷ್ಟು ಸೆಕೆಂಡುಗಳ ನಂತರ ತೆಗೆದು ಸಮತಟ್ಟಾದ ಜಾಗದಲ್ಲಿ ಇಡಿ. ಹನಿ ಹಾಕುವ ಬಗೆಯದಾದರೆ ಹನಿಗಳ ಸಂಖ್ಯೆ ಚೀಟಿಯಲ್ಲಿರುತ್ತದೆ. ಸಾಮಾನ್ಯವಾಗಿ ಐದು ನಿಮಿಷಕ್ಕೆ ಫಲಿತಾಂಶ ನೋಡಬೇಕು. ಹತ್ತು ನಿಮಿಷ ದಾಟಿದ ಮೇಲೆ ಕಾಣುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಣಗಿದ ಪಟ್ಟಿಯನ್ನು ಸಂಜೆ ಕಸದಿಂದ ತೆಗೆದು ‘ಗೆರೆ ಗಾಢವಾಗಿದೆ’ ಎಂದು ಆಸೆಪಡುವುದು ಮನುಷ್ಯಸಹಜ, ಆದರೆ ಆ ಗೆರೆಗೆ ಬೆಲೆಯಿಲ್ಲ.

ಗೆರೆ ಹೇಳುವುದೇನು?

ಪಟ್ಟಿಯ ಮೇಲೆ ‘ಸಿ’ ಎಂಬುದು ಕಂಟ್ರೋಲ್ ಗೆರೆ, ‘ಟಿ’ ಎಂಬುದು ಟೆಸ್ಟ್ ಗೆರೆ. ಮೊದಲು ನೋಡಬೇಕಾದದ್ದು ಸಿ. ಅದು ಮೂಡದಿದ್ದರೆ ಪಟ್ಟಿಯೇ ಕೆಟ್ಟಿದೆ, ಟಿ ಹೇಗೇ ಇರಲಿ ಎಸೆದು ಇನ್ನೊಂದು ತೆಗೆದುಕೊಳ್ಳಿ.

ಸಿ ಮೂಡಿ ಟಿ ಮೂಡದಿದ್ದರೆ ಅಥವಾ ಟಿ ಗೆರೆ ಸಿ ಗೆರೆಗಿಂತ ಮಸುಕಾಗಿದ್ದರೆ ಏರಿಕೆ ಇನ್ನೂ ಬಂದಿಲ್ಲ. ಟಿ ಗೆರೆ ಸಿ ಗೆರೆಯಷ್ಟೇ ಗಾಢವಾಗಿದ್ದರೆ, ಇಲ್ಲವೇ ಅದಕ್ಕಿಂತಲೂ ಗಾಢವಾಗಿದ್ದರೆ ಮಾತ್ರ ಪಾಸಿಟಿವ್.

ಹೇಳುವುದು ಸುಲಭ, ನೋಡುವಾಗ ತಡವರಿಸುವುದು ಇಲ್ಲಿಯೇ. ‘ಹೆಚ್ಚುಕಡಿಮೆ ಅಷ್ಟೇ ಇದೆ’ ಎನ್ನುವಂತಹ ಗೆರೆ ಬಂದರೆ ಏನು ಮಾಡಬೇಕು? ಹಗಲು ಬೆಳಕಿನಲ್ಲಿ ನೋಡಿ, ಅದೇ ಐದು ನಿಮಿಷದ ಹೊತ್ತಿಗೆ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಿ, ದಿನಾಂಕ ಸಮೇತ ಇಟ್ಟುಕೊಳ್ಳಿ. ನಾಲ್ಕು ದಿನಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಏರುತ್ತಿದ್ದರೆ ಅದೇ ದಿನ ಸಂಜೆ ಇನ್ನೊಂದು ಪಟ್ಟಿ ಬಳಸಿ. ಕೆಲವರಲ್ಲಿ ಏರಿಕೆ 12 ಗಂಟೆಯೂ ಉಳಿಯುವುದಿಲ್ಲ. ದಿನಕ್ಕೊಮ್ಮೆ ನೋಡಿದರೆ ನಡುವೆ ಜಾರಿಹೋಗುತ್ತದೆ. ಅನುಮಾನದ ಗೆರೆ ಬಂದ ದಿನ ಕಾಯಬೇಡಿ, ಗಂಡಹೆಂಡತಿ ಕೂಡಿದರೆ ನಷ್ಟವೇನಿಲ್ಲ.

ಗಾಢ ಗೆರೆ ಬಂದ ಮೇಲೆ

ಮೊದಲ ಪಾಸಿಟಿವ್ ಬಂದ ದಿನ ಮತ್ತು ಮರುದಿನ ಕೂಡಬೇಕು, ಮೂರನೆಯ ದಿನವೂ ಆದರೆ ಒಳ್ಳೆಯದು. ಆ ತಿಂಗಳಿಗೆ ಪರೀಕ್ಷೆ ಸಾಕು, ಉಳಿದ ಪಟ್ಟಿಗಳನ್ನು ಮುಂದಿನ ತಿಂಗಳಿಗೆ ಎತ್ತಿಡಿ.

ಆದರೆ ಪಾಸಿಟಿವ್ ಬರುವವರೆಗೆ ಗಂಡಹೆಂಡತಿ ದೂರ ಇದ್ದು ಶಕ್ತಿ ಉಳಿಸಿಕೊಳ್ಳಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸರಿಯಲ್ಲ. ಆರು ದಿನಗಳ ಅವಧಿಯಲ್ಲಿ ಗೆರೆ ಗಾಢವಾಗುವಷ್ಟರಲ್ಲಿ ಹೆಚ್ಚಿನ ದಿನಗಳು ಕಳೆದಿರುತ್ತವೆ. ಪರೀಕ್ಷೆ ಆರಂಭಿಸಿದ ದಿನದಿಂದಲೇ ದಿನ ಬಿಟ್ಟು ದಿನ ಕೂಡುತ್ತಿರಬೇಕು.

ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ದುಡಿಯಲು ಬೆಂಗಳೂರು, ಮುಂಬೈ, ಪುಣೆಗೆ ಹೋಗಿರುವ ಗಂಡಂದಿರ ಮನೆಗಳಲ್ಲಿ ಈ ಮಾತು ಇನ್ನೂ ಮುಖ್ಯ. ಗೆರೆ ನೋಡಿ ಫೋನು ಮಾಡಿ, ಆತ ರಜೆ ಕೇಳಿ, ರಾತ್ರಿಯ ರೈಲು ಹತ್ತಿ ಬರುವ ಹೊತ್ತಿಗೆ ಅಂಡಾಣುವಿನ ಗಡುವು ಮುಗಿದಿರಬಹುದು. ಎರಡು ಮೂರು ತಿಂಗಳು ಪಟ್ಟಿ ನೋಡಿ ಗಾಢ ಗೆರೆ ಸಾಮಾನ್ಯವಾಗಿ ಎಷ್ಟನೆಯ ದಿನ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದಕ್ಕೆ ನಾಲ್ಕು ದಿನ ಮುಂಚೆಯೇ ಆತ ಊರಲ್ಲಿರುವಂತೆ ರಜೆ ಹಾಕಿಸಿ. ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಬಂದು ಹೋಗುವ ದಂಪತಿಗೆ ಮಗುವಾಗಿಲ್ಲ ಎಂದರೆ, ದೋಷಕ್ಕಿಂತ ಮೊದಲು ನೋಡಬೇಕಾದದ್ದು ಆ ದಿನಗಳು ಹೊಂದಿದ್ದವೇ ಎಂಬುದನ್ನು.

ಕಿಟ್‌ನಿಂದ ನಿಜಕ್ಕೂ ಉಪಯೋಗವಿದೆಯೇ? ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 40ರೊಳಗಿನ, ಒಂದು ವರ್ಷಕ್ಕಿಂತ ಕಡಿಮೆ ಕಾಲ ಪ್ರಯತ್ನಿಸುತ್ತಿರುವ ಮಹಿಳೆಯರಲ್ಲಿ ಮೂತ್ರಪರೀಕ್ಷೆಯ ಆಧಾರದ ಮೇಲೆ ದಿನ ನೋಡಿ ಕೂಡಿದಾಗ ಗರ್ಭಧಾರಣೆಯ ಸಾಧ್ಯತೆ ಬಹುಶಃ ಹೆಚ್ಚುತ್ತದೆ. ಅದು ಕಡ್ಡಾಯವೇನಲ್ಲ. ಮುಟ್ಟು ಸರಿಯಾಗಿದ್ದು ಇಬ್ಬರೂ ಜೊತೆಯಲ್ಲೇ ಇದ್ದರೆ, ಎರಡು ಮೂರು ದಿನಕ್ಕೊಮ್ಮೆ ಕೂಡಿದರೂ ಆ ಅವಧಿ ಒಳಗೆ ಬಂದೇ ಬರುತ್ತದೆ. ಆ ದಿನಗಳಲ್ಲಿ ಯೋನಿಯಿಂದ ಹೋಗುವ ಬಿಳುಪು ಮೊಟ್ಟೆಯ ಬಿಳಿಯಂತೆ ಜಾರುವ, ಎಳೆಯಾಗುವ ಬಗೆಯದಾಗಿ ಬದಲಾಗುತ್ತದೆ. ಆ ಗುರುತಿಗೆ ಖರ್ಚಿಲ್ಲ.

ಗೆರೆ ಬರಲೇ ಇಲ್ಲ, ಇಲ್ಲವೇ ದಿನವೂ ಬರುತ್ತಿದೆ

ಒಂದು ತಿಂಗಳು ಪಾಸಿಟಿವ್ ಬಾರದಿದ್ದರೆ ತಡವಾಗಿ ಶುರು ಮಾಡಿರಬಹುದು, ಏರಿಕೆ ಚಿಕ್ಕದಾಗಿ ತಪ್ಪಿರಬಹುದು, ಮೂತ್ರ ತೆಳುವಾಗಿದ್ದಿರಬಹುದು. ಆರೋಗ್ಯವಂತರಲ್ಲಿಯೂ ಯಾವುದೋ ತಿಂಗಳು ಅಂಡೋತ್ಪತ್ತಿ ಆಗದೇ ಇರುವುದುಂಟು. ಸತತ ಎರಡು ಮೂರು ತಿಂಗಳು ಹೀಗಾದರೆ ವೈದ್ಯರಿಗೆ ತೋರಿಸಿ.

ದಿನದಿನವೂ ಗಾಢ ಗೆರೆ ಬರುವುದಕ್ಕೆ ಮುಖ್ಯ ಕಾರಣ ಪಿಸಿಒಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡೋತ್ಪತ್ತಿ ಹದ ತಪ್ಪುವ ತೊಂದರೆ. ಈ ತೊಂದರೆ ಇರುವ ಅನೇಕರಲ್ಲಿ ಎಲ್‌ಎಚ್ ಸದಾ ಹೆಚ್ಚಿರುತ್ತದೆ, ಆದ್ದರಿಂದ ಅವರಿಗೆ ಈ ಕಿಟ್ ದಾರಿ ತಪ್ಪಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದವರಲ್ಲಿಯೂ ಹೀಗಾಗಬಹುದು. ಚಿಕಿತ್ಸೆಯಲ್ಲಿ ಎಚ್‌ಸಿಜಿ ಎಂಬ ಹಾರ್ಮೋನಿನ ಇಂಜೆಕ್ಷನ್ ಪಡೆದವರಲ್ಲಿ, ಇತ್ತೀಚೆಗೆ ಗರ್ಭಪಾತವಾದವರಲ್ಲಿ, ಗರ್ಭ ನಿಂತವರಲ್ಲಿಯೂ ಪಟ್ಟಿ ಪಾಸಿಟಿವ್ ತೋರಿಸಬಹುದು. ಮುಟ್ಟು ತಡವಾಗಿದ್ದರೆ ಮೊದಲು ಗರ್ಭಪರೀಕ್ಷೆ ಮಾಡಿಕೊಳ್ಳಿ.

ಇನ್ನೂ ಒಂದು ಮಿತಿಯಿದೆ. ಗಾಢ ಗೆರೆ ಬಂದರೂ ಅಂಡಾಣು ಹೊರಬಂದೇ ತೀರಿತು ಎಂಬ ಖಾತರಿಯಿಲ್ಲ. ಅದನ್ನು ಖಚಿತಪಡಿಸಲು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ಮಾಡುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗ್ ಬೇಕು. ಅಂಡಾಣು ಸಾಗುವ ಗರ್ಭನಾಳ ತೆರೆದಿದೆಯೇ ಎಂಬುದಂತೂ ಪಟ್ಟಿಗೆ ತಿಳಿಯುವುದೇ ಇಲ್ಲ. ಕ್ಷಯರೋಗದಿಂದ ಗರ್ಭನಾಳ ಮುಚ್ಚಿದವರಲ್ಲಿ ಪ್ರತಿ ತಿಂಗಳು ಗಾಢ ಗೆರೆ ಬರುತ್ತಲೇ ಇರಬಹುದು.

ವೈದ್ಯರನ್ನು ಕಾಣುವುದು ಯಾವಾಗ?

35ರೊಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ನೋಡಬಹುದು. 40 ದಾಟಿದವರು, 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಮುಟ್ಟಾಗುವವರು, ಹಿಂದೆ ಕ್ಷಯ ಬಂದಿದ್ದವರು ಕಾಯುವುದು ಬೇಡ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗಗಳಿವೆ. ಸೋಲಾಪುರ, ಹೈದರಾಬಾದಿಗೆ ಹೊರಡುವ ಮುಂಚೆ ಮೊದಲ ತಪಾಸಣೆಗೆ ಅಲ್ಲಿಗೆ ಹೋಗಿ. ಮುಟ್ಟಿನ ದಿನಾಂಕಗಳು, ಪಟ್ಟಿಯ ಚಿತ್ರಗಳು, ನುಂಗುತ್ತಿರುವ ಗುಳಿಗೆಗಳ ಹೆಸರು ಜೊತೆಗಿರಲಿ. ಗರ್ಭ ಬಯಸುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಈಗಿನಿಂದಲೇ ಆರಂಭಿಸಬೇಕು. ನಿಮಗೆ ಎಷ್ಟು ಬೇಕೆಂದು ಅಂದೇ ಕೇಳಿ.

ಮೊದಲ ಭೇಟಿಗೇ ಗಂಡನೂ ಹೋಗಬೇಕು. ಮಗುವಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಹೆಂಡತಿಗೆ ಹತ್ತು ಪರೀಕ್ಷೆ ಮಾಡಿಸಿದ ಮೇಲೆ ಗಂಡನ ಸರದಿ ಎನ್ನುವುದು ಅನ್ಯಾಯ, ದುಬಾರಿಯೂ ಹೌದು. ವೀರ್ಯಪರೀಕ್ಷೆ ಸರಳ, ನೋವಿಲ್ಲ. ಅದಕ್ಕೆ ಮುಂಚೆ ಕನಿಷ್ಠ ಎರಡು, ಹೆಚ್ಚೆಂದರೆ ಏಳು ದಿನ ವೀರ್ಯಸ್ಖಲನವಾಗಿರಬಾರದು; ಪರೀಕ್ಷೆಯ ದಿನವನ್ನು ಆಸ್ಪತ್ರೆಯಲ್ಲಿ ಕೇಳಿಕೊಂಡು ಅದಕ್ಕೆ ತಕ್ಕಂತೆ ಹೊರಡಿ.