ತಳ ಗಟ್ಟಿಯಿತ್ತು, ಆದರೂ ಬೋಟು ಒಡೆದೆವು

ಹಳೇ ಕ್ಯಾಬಿನ್ ಬೋಟು ಮಾರುವವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ಫೈಬರ್ ಗಟ್ಟಿ ಉಂಟು, ಪೇಂಟ್ ಹೊಡೆದರೆ ಮುಗಿಯಿತು.” ಮೊದಲರ್ಧ ಹೆಚ್ಚಾಗಿ ಸುಳ್ಳಲ್ಲ. ಹಳೇ ಕಾಲದ ಫೈಬರ್ ಬೋಟುಗಳ ತಳ ಒಳ್ಳೇ ದಪ್ಪ ಇರುತ್ತದೆ, ಬೇಗ ಸಾಯುವುದಿಲ್ಲ. ಆದರೆ ಬೋಟು ಉಳಿಸಬೇಕೋ ಒಡೆಯಬೇಕೋ ಎಂದು ಹೇಳುವುದು ತಳವಲ್ಲ, ಫೈಬರಿನ ಹೊಟ್ಟೆಯಲ್ಲಿ ಕಾಣದಂತೆ ಕೂತ ಮರ ಮತ್ತು ಇಂಜಿನ್. ಕಾರವಾರದಿಂದ ಬಂದು ವಾಸ್ಕೋ ಕಡೆ ಫೈಬರ್ ಕೆಲಸ ಮಾಡಿಕೊಂಡಿರುವ ನನಗೆ ಇದು ಗೊತ್ತಿದ್ದ ವಿಷಯವೇ. ಭಾವನಿಗೆ ತೋರಿಸಿಕೊಡಬೇಕಿತ್ತು, ಅಷ್ಟೆ.

ಭಾವ ಅಂದರೆ ಅಕ್ಕನ ಗಂಡ, ಪಣಜಿಯಲ್ಲಿ ಹೋಟೆಲ್ ಇಟ್ಟವರು. ಜುವಾರಿ ನದಿ ದಂಡೆಯ ಒಂದು ಬೋಟ್ ಯಾರ್ಡಿನಲ್ಲಿ 28 ಅಡಿಯ ಕ್ಯಾಬಿನ್ ಕ್ರೂಸರ್ ನೋಡಿ ಬಂದಿದ್ದರು. ಒಳಗೆ ಎರಡು ಬಂಕ್, ಚಿಕ್ಕ ಅಡುಗೆ ಕಟ್ಟೆ, ಟಾಯ್ಲೆಟ್. ಮಕ್ಕಳನ್ನು ಕೂರಿಸಿಕೊಂಡು ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆ ತೋರಿಸುತ್ತ ಮಾಂಡೋವಿ ನದಿಗೆ ಬರುವುದು ಅವರ ಆಸೆ. ಯಾರ್ಡಿನವರು ಹೇಳಿದ ರೇಟು ಒಂದು ಹಳೇ ಕಾರಿನಷ್ಟೂ ಇರಲಿಲ್ಲ. “ಬಿಟ್ಟರೆ ಇನ್ನೊಬ್ಬ ಎತ್ತಿಕೊಂಡು ಹೋಗುತ್ತಾನೆ ಮಾರಾಯ” ಎಂದರು. “ಭಾವ, ಅಷ್ಟು ವರ್ಷ ಯಾರೂ ಎತ್ತಿಕೊಂಡು ಹೋಗಿಲ್ಲ, ಇನ್ನೊಂದು ವಾರ ಇರುತ್ತದೆ. ಮೊದಲು ನೋಡುವ” ಎಂದೆ.

ಬೋಟು ಕಬ್ಬಿಣದ ಟ್ರೇಲರ್ ಮೇಲೆ ಕೂತಿತ್ತು, ಮೇಲೆ ತಾಡಪಾಲು ಇಲ್ಲ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಗೋವಾದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ. ಜನ ಉಪ್ಪುನೀರಿಗೆ ಹೆದರುತ್ತಾರೆ, ಆದರೆ ಮರಕ್ಕೆ ಶತ್ರು ಸಿಹಿನೀರು. ಕೊಳೆಸುವ ಬೂಷ್ಟು ಉಪ್ಪಿನಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ, ಮಳೆನೀರಿನಲ್ಲಿ ಹಬ್ಬ ಮಾಡುತ್ತದೆ. ನೀರಿನಲ್ಲಿ ತೇಲುತ್ತಿದ್ದ ಬೋಟಿಗಿಂತ ಮುಚ್ಚಿಗೆ ಇಲ್ಲದೆ ದಡದಲ್ಲಿ ಮಳೆಗಾಲ ಕಳೆದ ಬೋಟು ಒಳಗೆ ಹೆಚ್ಚು ಕೆಟ್ಟಿರುತ್ತದೆ.

ತಳದಿಂದ ಶುರು ಮಾಡಿದೆ. ಒಣಗಿದ ಚಿಪ್ಪು, ಹಳೇ ಪೇಂಟು ಕೆರೆದು ನೋಡಿದರೆ ಅಲ್ಲಲ್ಲಿ ಗುಳ್ಳೆ. ಗುಳ್ಳೆ ಚುಚ್ಚುವಾಗ ಕನ್ನಡಕ ಹಾಕಿಕೊಳ್ಳಿ, ಒಳಗಿನ ನೀರು ಒತ್ತಡದಲ್ಲಿರುತ್ತದೆ, ಕಣ್ಣಿಗೆ ಚಿಮ್ಮುತ್ತದೆ. ಬೆರಳಿಗೆ ಜಿಡ್ಡು, ಮೂಗಿಗೆ ವಿನೆಗರ್ ವಾಸನೆ. ರೆಸಿನ್, ಅಂದರೆ ಫೈಬರನ್ನು ಹಿಡಿದಿಡುವ ಅಂಟು, ಅದರೊಳಗೆ ನೀರು ಇಳಿದು ಆದದ್ದು. ಇದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಗುಳ್ಳೆಯಿಂದ ಬೋಟು ಮುಳುಗಿದ್ದನ್ನು ನಾನಂತೂ ಕಂಡಿಲ್ಲ. ಉಜ್ಜಿ, ಒಣಗಿಸಿ, ಎಪಾಕ್ಸಿ ತುಂಬಿದರೆ ಆಯಿತು. ಸುತ್ತಿಗೆಯಲ್ಲಿ ಬಡಿದರೆ ತಳ ಉದ್ದಕ್ಕೂ ಗಡುಸಾಗಿ ಸದ್ದು ಕೊಟ್ಟಿತು. ಭಾವನ ಮುಖ ಅರಳಿತು.

ಆಮೇಲೆ ಡೆಕ್ ಮೇಲೆ ಹತ್ತಿದೆ. ಡೆಕ್ ಅಂದರೆ ಒಂದೇ ದಪ್ಪ ಫೈಬರ್ ಅಲ್ಲ. ಮೇಲೊಂದು ತೆಳು ಪದರ, ಕೆಳಗೊಂದು, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ರೇಲಿಂಗಿನ ಬುಡದಲ್ಲಿ, ಕಿಟಕಿ ಚೌಕಟ್ಟಿನಲ್ಲಿ ಸ್ಕ್ರೂ ಹಾಕಿದ ತೂತುಗಳಿರುತ್ತವಲ್ಲ, ಸೀಲಂಟ್ ಹಳತಾದ ಮೇಲೆ ನೀರು ಅಲ್ಲಿಂದಲೇ ಇಳಿಯುವುದು. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಗೇಣು ಗೇಣಿಗೆ ಬಡಿಯುತ್ತ ಹೋದೆ. ನಡುವಿನಲ್ಲಿ ಟಕ್ ಟಕ್. ರೇಲಿಂಗ್ ಹತ್ತಿರ ಬಂದ ಕೂಡಲೇ ಡಬ್, ಡಬ್, ಅಂದರೆ ಒಳಗಿನ ಮರ ಕೊಳೆತಿದೆ. ಸದ್ದು ಬದಲಾದ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಮುಗಿಸಿ ದೂರ ನಿಂತು ನೋಡಿದರೆ ಎರಡೂ ಅಂಚು, ಮುಂದಿನ ಹ್ಯಾಚಿನ (ಡೆಕ್ಕಿನ ಮುಚ್ಚಳದ) ಸುತ್ತ, ಎಲ್ಲ ಚಾಕಿನ ಗೆರೆಯೊಳಗೆ. ಕಾಲಿಟ್ಟರೆ ಚಹಾದಲ್ಲಿ ಅದ್ದಿದ ರಸ್ಕಿನಂತೆ ಅದುಮುತ್ತಿತ್ತು.

ಟ್ರಾನ್ಸಮ್, ಅಂದರೆ ಬೋಟಿನ ಹಿಂಬದಿ ಗೋಡೆ, ಅದರೊಳಗೂ ಪ್ಲೈವುಡ್. ಇಂಜಿನಿನ ಹೊರಗಾಲು, ಅಂದರೆ ಪ್ರೊಪೆಲ್ಲರ್ ಇರುವ ಭಾಗ, ನೇತಾಡುವುದು ಆ ಗೋಡೆಯಲ್ಲೇ. ಅಲ್ಲಿ ಸುತ್ತಿಗೆ ನಂಬಬಾರದು, ಫೈಬರ್ ದಪ್ಪ ಇರುವುದರಿಂದ ಸದ್ದು ಮೋಸ ಮಾಡುತ್ತದೆ. 5 ಮಿ.ಮೀ. ಬಿಟ್ ಹಾಕಿ ಒಳಗಡೆಯಿಂದ ಡ್ರಿಲ್ ಮಾಡಬೇಕು, ಹೊರ ಪದರ ತೂತಾಗುವ ಮೊದಲೇ ನಿಲ್ಲಿಸಬೇಕು. ಮೊದಲು ಬಿಳಿ ಫೈಬರ್ ಪುಡಿ ಬರುತ್ತದೆ. ಆಮೇಲೆ ಒಣ, ನಸುಕಂದು ಮರದ ಸುರುಳಿ ಬಂದರೆ ನಿಮ್ಮ ಪುಣ್ಯ. ನಮಗೆ ಬಿಟ್ ಸುತ್ತ ಮೆತ್ತಿಕೊಂಡು ಬಂದದ್ದು ಕಪ್ಪು ಕೆಸರು, ಹುಳಿ ವಾಸನೆ. ತೂತಿನಿಂದ ನೀರು ಇಳಿಯತೊಡಗಿತು, ನಾವು ಬೀಡಿ ಸೇದಿ ಮುಗಿಸುವವರೆಗೂ ನಿಲ್ಲಲಿಲ್ಲ. ಭಾವ ಹೊರಗಾಲಿನ ಮೇಲೆ ನಿಂತು ಮೈಭಾರ ಬಿಟ್ಟಾಗ ಗೋಡೆ ಕಣ್ಣಿಗೆ ಕಾಣುವಷ್ಟು ಬಾಗಿತು. ಇಂಜಿನ್ ಕೂತ ಉದ್ದಪಟ್ಟಿಗಳ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಹಿಡಿತವೇ ಇಲ್ಲದೆ ತಿರುಗುತ್ತಿತ್ತು.

ಇಷ್ಟಾದರೂ ಇವೆಲ್ಲ ನನ್ನ ಕೈಕೆಲಸ. ಮೇಲ್ಪದರ ಕೊಯ್ದು ತೆಗೆ, ಕೊಳೆತದ್ದನ್ನು ಬಾಚು, ಒಣಗಿಸು, ಹೊಸ ಪ್ಲೈ ಕೂರಿಸು, ಮತ್ತೆ ಫೈಬರ್ ಹಾಕು. ಹಳೇ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು, ಇಲ್ಲದಿದ್ದರೆ ಹೊಸ ಫೈಬರ್ ಹಿಡಿಯುವುದಿಲ್ಲ. ಹಳೇ ಪಾಲಿಯೆಸ್ಟರ್ ಮೇಲೆ ಪಾಲಿಯೆಸ್ಟರಿಗಿಂತ ಎಪಾಕ್ಸಿ ಗಟ್ಟಿ ಹಿಡಿಯುತ್ತದೆ, ರೇಟೂ ಹಾಗೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ, ಗಾಳಿಯಲ್ಲೇ ನೀರಿರುವಾಗ ಮರ ಒಣಗುವುದು ಎಲ್ಲಿಂದ? ಕೂಲಿ ನನ್ನದೇ ಆದ್ದರಿಂದ ಭಾವನಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಭಾವ-ಭಾಮೈದರ ವ್ಯವಹಾರ ಹೀಗೇ.

ಸಿಕ್ಕಿಬಿದ್ದದ್ದು ಇಂಜಿನಿನಲ್ಲಿ. 5.7 ಲೀಟರಿನ ಪೆಟ್ರೋಲ್ ವಿ8, ತಂಪಾಗಲು ನೇರ ಹೊಳೆಯ ಉಪ್ಪುನೀರನ್ನೇ ಎಳೆದುಕೊಳ್ಳುವ ಜಾತಿ. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಬೆರೆಸಿದ ಬಣ್ಣ, ಅಂದರೆ ಒಳಗೆ ನೀರು ಸೇರಿದೆ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಇಬ್ಬರೂ ಜೋತುಬಿದ್ದೆವು, ಅಲ್ಲಾಡಲಿಲ್ಲ. ಇಂಥ ಇಂಜಿನಿನಲ್ಲಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲಿನ ರೈಸರ್ ಕೊಳವೆ ಒಳಗಿನಿಂದ ತುಕ್ಕು ತಿಂದು ತೂತಾಗುತ್ತವೆ. ಹೊರಗೆ ಪೇಂಟು ಹೊಳೆಯುತ್ತಿರುತ್ತದೆ, ಉಪ್ಪುನೀರು ವಾಲ್ವ್ ಮೂಲಕ ಸಿಲಿಂಡರಿಗೆ ಇಳಿದಿರುತ್ತದೆ. ಹೊರಗಾಲಿನ ಅಲ್ಯೂಮಿನಿಯಂ ಪೊರೆ ಬಿಡುತ್ತಿತ್ತು, ಅದು ಗೋಡೆಗೆ ಸೇರುವಲ್ಲಿನ ರಬ್ಬರ್ ತೋಳು, ಬೆಲ್ಲೋಸ್, ಬಿರುಕು ಬಿಟ್ಟಿತ್ತು. ಆ ಬೆಲ್ಲೋಸ್ ಹರಿದರೆ ನೀರು ನೇರ ಬೋಟಿನೊಳಗೆ.

ಇದೇ ಬೋಟಿನಲ್ಲಿ ಡೀಸೆಲ್ ಇಂಜಿನ್, ನೇರ ಶಾಫ್ಟ್ ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಗೋವಾದ ಮಾಲಿಮ್, ಕುಟ್ಬೋಣ ದಕ್ಕೆಗಳಲ್ಲಿ, ನಮ್ಮ ಕಾರವಾರದ ಬೈತಖೋಲದಲ್ಲಿ ಲೇಲ್ಯಾಂಡ್ ಡೀಸೆಲನ್ನು ಕಣ್ಣು ಮುಚ್ಚಿ ಬಿಚ್ಚಿ ಕಟ್ಟುವ ಮೇಸ್ತ್ರಿಗಳಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುವಾಗ ಟ್ರಾಲರ್‌ಗಳ ಇಂಜಿನ್ ಕೆಲಸವೆಲ್ಲ ನಡೆಯುವುದು ಅಲ್ಲೇ. ಇಂಜಿನ್ ಒಳಗೆ, ಹೊರಗಾಲು ಹಿಂದೆ ಇರುವ ಇಂಥ ಪೆಟ್ರೋಲ್ ಸ್ಟರ್ನ್‌ಡ್ರೈವ್ ಅವರಿಗೆ ಪರಕೀಯ, ಸಾಮಾನು ಹೊರದೇಶದಿಂದ ಬರಬೇಕು. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಹಾಕಿ ಓಡಿಸುತ್ತೇವೆ ಎನ್ನುವವರು ಸಿಗುತ್ತಾರೆ. ಅವರನ್ನು ಬೋಟಿನ ಹತ್ತಿರ ಬಿಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂರುತ್ತದೆ. ಕಾರಿನ ಸ್ಟಾರ್ಟರ್ ಬಿಡುವ ಒಂದು ಕಿಡಿ ಸಾಕು.

ಹಳೇ ಇಂಜಿನ್ ಎತ್ತಿಹಾಕಿ, ಟ್ರಾನ್ಸಮ್ ಮುಚ್ಚಿ, ಹಿಂದೆ ಔಟ್‌ಬೋರ್ಡ್, ಅಂದರೆ ಹೊರಗೇ ನೇತಾಡುವ ಇಂಜಿನ್, ತೂಗುಹಾಕುವ ದಾರಿ ಇತ್ತು. ಆ ಗಾತ್ರದ ಬೋಟಿಗೆ 150 ಎಚ್‌ಪಿಗೆ ಕಮ್ಮಿಯಾದರೆ ನಡೆಯದು, ಹೊಸದಕ್ಕೆ ಹತ್ತು ಲಕ್ಷ ದಾಟುತ್ತದೆ. ಅದರ ಮೇಲೆ ಬ್ರಾಕೆಟ್, ಟ್ಯಾಂಕ್, ಸ್ಟೇರಿಂಗ್. ವಯರಿಂಗ್ ಪೂರಾ ಹೊಸದು, ಯಾಕೆಂದರೆ ಸಿಪ್ಪೆ ಸುಲಿದು ನೋಡಿದರೆ ತಾಮ್ರ ಗೇಣುಗಟ್ಟಲೆ ಕಪ್ಪಾಗಿತ್ತು. ಬೋಟಿನಲ್ಲಿ ತವರ ಲೇಪಿಸಿದ ತಂತಿಯೇ ಬೇಕು.

ನಾನು ಲೆಕ್ಕ ಹಾಕುವ ಕ್ರಮ ಸರಳ. ಕಾಗದ ಸರಿಯಿದ್ದು ಓಡುತ್ತಿರುವ, ಅದೇ ಗಾತ್ರದ ಸೆಕೆಂಡ್ ಹ್ಯಾಂಡ್ ಬೋಟಿನ ರೇಟು ಒಂದು ಕಡೆ. ರಿಪೇರಿ ಅಂದಾಜು ಮತ್ತು ಅದರ ಅರ್ಧ ಇನ್ನೊಂದು ಕಡೆ. ಅರ್ಧ ಯಾಕೆಂದರೆ ಬಿಚ್ಚಿದ ಮೇಲೆ ಮಾತ್ರ ಕಾಣುವುದು ಯಾವಾಗಲೂ ಇರುತ್ತದೆ. ಬೋಟಿಗೆ ಕೊಡುವ ದುಡ್ಡನ್ನು ನಾನು ಸೇರಿಸುವುದೇ ಇಲ್ಲ, ಅದು ಎಲ್ಲಕ್ಕಿಂತ ಸಣ್ಣ ಬಾಬತ್ತು. ಇಲ್ಲಿ ಅರ್ಧ ಸೇರಿಸುವ ಮೊದಲೇ ರಿಪೇರಿ ಮುಂದೆ ಹೋಗಿತ್ತು.

ಕಾಗದ ಕೇಳಿದಾಗ ಉಳಿದ ಆಸೆಯೂ ಹೋಯಿತು. ಹೊರದೇಶದಿಂದ ಬಂದ ಬೋಟು, ಕಸ್ಟಮ್ಸ್‌ನ ಆಮದು ಕಾಗದವಾದ ಬಿಲ್ ಆಫ್ ಎಂಟ್ರಿ ಇಲ್ಲ, ಹಳೇ ಮಾಲೀಕನ ಸಹಿ ಸಿಗುವ ದಾರಿಯೂ ಇಲ್ಲ. ನದಿಯಲ್ಲಿ ಯಂತ್ರದ ಬೋಟು ಓಡಿಸಲು 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಬೇಕು, ಸರ್ವೆ ಆಗಬೇಕು. ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿ “ಫೈಬರ್ ಗಟ್ಟಿ ಉಂಟು” ಎಂದರೆ ಸಾಲುವುದಿಲ್ಲ.

ಯಾರ್ಡಿನವರಿಗೂ ಅದು ಬೇಡವಾದ ಹೊರೆ. ಬಿಟ್ಟ ಹಡಗು ತಾನಾಗಿ ಕರಗುವುದಿಲ್ಲ. 2000ನೇ ಇಸವಿಯಲ್ಲಿ ಕ್ಯಾಂಡೋಲಿಮ್ ಕಡಲಲ್ಲಿ ಸಿಕ್ಕಿಕೊಂಡ ರಿವರ್ ಪ್ರಿನ್ಸೆಸ್ ಹಡಗು ಹತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಬಿದ್ದಿದ್ದು ಗೋವಾದವರಿಗೆಲ್ಲ ನೆನಪಿದೆ. ಅದಾದರೂ ಕಬ್ಬಿಣ, ಗುಜರಿಗೆ ಬೆಲೆ ಉಂಟು. ಫೈಬರಿಗೆ ಗುಜರಿಯವನು ನಯಾಪೈಸೆ ಕೊಡುವುದಿಲ್ಲ, ಸಾಗಿಸಲು ನಾವೇ ಕೊಡಬೇಕು. ಹಾಗಾಗಿ ಒಪ್ಪಂದ ಹೀಗಾಯಿತು: ಬಿಡಿಭಾಗ ನಮಗೆ, ಒಡೆಯುವ ಕೂಲಿ ನಮ್ಮದು, ತುಂಡು ಸಾಗಿಸುವ ಲಾರಿ ಖರ್ಚು ಯಾರ್ಡಿನದು. ಎಲ್ಲವನ್ನೂ ಬರೆದು ಸಹಿ ಹಾಕಿಸಿಕೊಂಡೆ.

ಟ್ಯಾಂಕಿನಲ್ಲಿದ್ದ ಹಳಸಿದ ಪೆಟ್ರೋಲನ್ನು ಕೈಪಂಪಿನಲ್ಲಿ ತೆಗೆದು, ಟ್ಯಾಂಕಿಗೆ ನೀರು ತುಂಬಿಸಿ ಚೆಲ್ಲಿ, ಇಡಿಯಾಗಿ ಹೊರಗೆ ಎಳೆದ ಮೇಲೆಯೇ ಗ್ರೈಂಡರ್ ಮುಟ್ಟಿದ್ದು. ಸ್ಟೀಲ್ ರೇಲಿಂಗ್, ಹ್ಯಾಚ್, ಲಂಗರು ಮತ್ತು ಸರಪಳಿ, ಸಿಂಕ್ ಎಲ್ಲ ಒಳ್ಳೇದಿತ್ತು. ತಳದ ನೀರಿನ ವಾಲ್ವ್‌ಗಳನ್ನು ಚಾಕುವಿನಲ್ಲಿ ಕೆರೆದು ನೋಡಿದೆ. ಹಳದಿ ಹೊಳೆದದ್ದು ಇಟ್ಟುಕೊಂಡೆ, ಗುಲಾಬಿ ಬಣ್ಣ ಕಂಡದ್ದು ಗುಜರಿಗೆ. ಗುಲಾಬಿ ಅಂದರೆ ಹಿತ್ತಾಳೆಯೊಳಗಿನ ಸತು ಹೊರಟುಹೋಗಿದೆ, ಒಂದು ದಿನ ಬಿಸ್ಕತ್ತಿನ ಹಾಗೆ ಮುರಿಯದೆ ಬಿಡದು. ವಿ8 ಬ್ಲಾಕ್ ತೂಕದ ಲೆಕ್ಕದಲ್ಲಿ ಹೋಯಿತು. ಎಲ್ಲಕ್ಕಿಂತ ಹೆಚ್ಚು ದುಡ್ಡು ತಂದದ್ದು ಯಾರೂ ಕಣ್ಣೆತ್ತಿ ನೋಡದ ಟ್ರೇಲರ್.

ಫೈಬರ್ ಕೊಯ್ಯಲು ಡೈಮಂಡ್ ಬ್ಲೇಡ್, ನೀರು ಚಿಮುಕಿಸಲು ಒಬ್ಬ ಹುಡುಗ, ಒಳ್ಳೇ ಮಾಸ್ಕ್, ಮೈತುಂಬ ಬಟ್ಟೆ. ಸಂಜೆ ಮೊದಲು ತಣ್ಣೀರಿನಲ್ಲೇ ಮೈ ತೊಳೆಯಬೇಕು, ಬಿಸಿನೀರು ಹಾಕಿದರೆ ತುರಿಕೆ ರಾತ್ರಿಯಿಡೀ. ಸುಟ್ಟುಬಿಡಿ ಎಂದು ಸಲಹೆ ಕೊಟ್ಟವರಿದ್ದರು, ಆ ಹೊಗೆ ಕುಡಿದವರು ಹಾಗೆ ಹೇಳುವುದಿಲ್ಲ. ಮೂತಿಯ ಭಾಗವನ್ನು ಬೀಚಿನಲ್ಲಿ ಶ್ಯಾಕ್ (ಗುಡಿಸಲು ಹೋಟೆಲ್) ಇಟ್ಟವನೊಬ್ಬ ಕೌಂಟರ್ ಮಾಡಲು ಒಯ್ದ. ಉಳಿದದ್ದು ಲಾರಿ ಹತ್ತಿತು.

ರೇಲಿಂಗ್, ಹ್ಯಾಚ್, ಲಂಗರು ನಾನು ಮಾರಲಿಲ್ಲ. ಭಾವ ಈಗ ಔಟ್‌ಬೋರ್ಡ್ ಇರುವ, ಕಾಗದ ಪಕ್ಕಾ ಇರುವ 21 ಅಡಿಯ ಒಂದನ್ನು ನೋಡಿಕೊಂಡು ಬಂದಿದ್ದಾರೆ. ಡ್ರಿಲ್ ಬಿಟ್ ತೆಗೆದುಕೊಂಡು ಭಾನುವಾರ ಬಾ ಎಂದು ಫೋನ್ ಮಾಡಿದ್ದರು.