ಮೀನಿನ ಕೊಳದತ್ತ ಬರುವ ಹಕ್ಕಿಹಿಂಡನ್ನು ದೂರದಲ್ಲೇ ಗುರುತಿಸಲು ಎಂಥ ಕ್ಯಾಮೆರಾ ಬೇಕು?

ಮೀನು ತಿನ್ನಲು ಬರುವ ಹಕ್ಕಿಗಳನ್ನು ಕ್ಯಾಮೆರಾ ನೋಡಿ, ಕಂಪ್ಯೂಟರ್ ಗುರುತಿಸಿ, ಸದ್ದು ಮಾಡಿ ಬೆದರಿಸುವ ಸಾಧನವನ್ನು ಚಾಲೂ ಮಾಡುವ ವ್ಯವಸ್ಥೆ ಇದು. ಲೆಕ್ಕವನ್ನು ಸೆಕೆಂಡುಗಳಿಂದ ಶುರು ಮಾಡಿ. ನೀರುಕಾಗೆಗಳ ಹಿಂಡು ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಬರುತ್ತದೆ. 200 ಮೀಟರ್ ಆಚೆಗೆ ಕಂಡರೆ ಕೈಯಲ್ಲಿರುವುದು 13 ಸೆಕೆಂಡ್. ಕ್ಯಾಮೆರಾದ ವಿಡಿಯೊ ಕಂಪ್ಯೂಟರ್ ಮುಟ್ಟಲು ಒಂದೆರಡು ಸೆಕೆಂಡ್, ಹಕ್ಕಿ ಹೌದೋ ಅಲ್ಲವೋ ಎಂದು ನಾಲ್ಕೈದು ಫ್ರೇಮುಗಳಲ್ಲಿ ಖಚಿತಪಡಿಸಿಕೊಳ್ಳಲು ಇನ್ನೊಂದು, ಬೆದರಿಸುವ ಸಾಧನ ಚಾಲೂ ಆಗಲು ಮತ್ತೊಂದೆರಡು. ಉಳಿಯುವುದು ಎಂಟು ಸೆಕೆಂಡ್. ಅದೇ 100 ಮೀಟರಿನಲ್ಲಿ ಕಂಡರೆ ಎರಡೇ ಸೆಕೆಂಡ್ ಉಳಿಯುತ್ತದೆ. ಅಷ್ಟರಲ್ಲಿ ಮುಂದಿನ ಹಕ್ಕಿಗಳು ನೀರಿಗೆ ಇಳಿದಾಗಿರುತ್ತದೆ. ಒಮ್ಮೆ ಇಳಿದ ನೀರುಕಾಗೆ ಸದ್ದು ಕೇಳಿದರೆ ಹಾರಿಹೋಗುವ ಬದಲು ಮುಳುಗುವುದೇ ಹೆಚ್ಚು. ಆದ್ದರಿಂದ 200 ಮೀಟರನ್ನು ಗುರಿಯಾಗಿಟ್ಟುಕೊಂಡು ಕ್ಯಾಮೆರಾ ಹುಡುಕುವುದು ಒಳ್ಳೆಯದು.

ಆ ದೂರದಲ್ಲಿ ಒಂದು ಹಕ್ಕಿಗೆ ಎಷ್ಟು ಪಿಕ್ಸೆಲ್ ಸಿಗುತ್ತದೆ? ಲೆನ್ಸಿನ ಫೋಕಲ್ ಲೆಂತನ್ನು ಮಿಲಿಮೀಟರಿನಲ್ಲಿ, ಹಕ್ಕಿಯ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ, 1000ದಿಂದ ಮತ್ತೆ ಗುಣಿಸಿ. ದೂರವನ್ನು ಮೀಟರಿನಲ್ಲಿ, ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಒಂದು ಪಿಕ್ಸೆಲ್ಲಿನ ಅಳತೆಯನ್ನು ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಗೆದುಕೊಂಡು ಅವೆರಡರ ಗುಣಲಬ್ಧದಿಂದ ಅದನ್ನು ಭಾಗಿಸಿ. ಸಣ್ಣ ನೀರುಕಾಗೆ ಅರ್ಧ ಮೀಟರ್ ಉದ್ದ. ಸಾಮಾನ್ಯ 2 ಮೆಗಾಪಿಕ್ಸೆಲ್ ಸಿಸಿಟಿವಿಯಲ್ಲಿ 4 ಮಿ.ಮೀ. ಲೆನ್ಸ್, 2.9 ಮೈಕ್ರಾನ್ ಪಿಕ್ಸೆಲ್ ಇದ್ದರೆ 200 ಮೀಟರಿನಲ್ಲಿ ಆ ಹಕ್ಕಿಗೆ ಮೂರೂವರೆ ಪಿಕ್ಸೆಲ್ ಸಹ ಇಲ್ಲ. 1/1.8 ಇಂಚಿನ 4ಕೆ (8 ಮೆಗಾಪಿಕ್ಸೆಲ್) ಸೆನ್ಸರ್, 2 ಮೈಕ್ರಾನ್ ಪಿಕ್ಸೆಲ್, 12 ಮಿ.ಮೀ. ಲೆನ್ಸ್ ಆದರೆ 15 ಪಿಕ್ಸೆಲ್. ನಾಲ್ಕೈದು ಪಿಕ್ಸೆಲ್ ಇದ್ದರೆ ಏನೋ ಚಲಿಸಿತು ಎನ್ನಬಹುದು, 12ರಿಂದ 15 ಇದ್ದರೆ ಹಕ್ಕಿ ಎನ್ನಬಹುದು, ಬಕವೋ ನೀರುಕಾಗೆಯೋ ಎಂದು ಬೇರ್ಪಡಿಸಲು 30 ಆದರೂ ಬೇಕು. ಹಿಂಡನ್ನು ಪತ್ತೆಹಚ್ಚುವುದಷ್ಟೇ ಕೆಲಸವಾದರೆ 15 ಸಾಕು.

ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ಅದೇ 8 ಮೆಗಾಪಿಕ್ಸೆಲ್ಲನ್ನು ಅದಕ್ಕಿಂತ ಸಣ್ಣದಾದ 1/2.8 ಇಂಚಿನ ಸೆನ್ಸರಿನಲ್ಲಿ ತುರುಕಿದರೆ ಪ್ರತಿ ಪಿಕ್ಸೆಲ್ಲಿಗೆ ಬೀಳುವ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಕ್ಕಿಗಳು ಬರುವುದು ಹೆಚ್ಚಾಗಿ ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ. ಕ್ಯಾಮೆರಾಕ್ಕೆ ಬೆಳಕಿನ ಬರ ಇರುವುದೂ ಆಗಲೇ.

ಉದ್ದ ಲೆನ್ಸಿಗೆ ತೆರುವ ಬೆಲೆ ನೋಟದ ಅಗಲ. ಮೇಲೆ ಹೇಳಿದ 12 ಮಿ.ಮೀ. ಲೆನ್ಸ್ ಸುಮಾರು 35 ಡಿಗ್ರಿಯನ್ನಷ್ಟೇ ನೋಡುತ್ತದೆ. 200 ಮೀಟರಿನಲ್ಲಿ ಅದು 128 ಮೀಟರ್ ಅಗಲ. ಸುತ್ತಲೂ ಕಾಯಬೇಕೆಂದರೆ ಹತ್ತಕ್ಕಿಂತ ಹೆಚ್ಚು ಕ್ಯಾಮೆರಾ ಬೇಕಾಗುತ್ತದೆ. ಆದರೆ ಹಿಂಡುಗಳು ಎಲ್ಲ ದಿಕ್ಕಿನಿಂದಲೂ ಬರುವುದಿಲ್ಲ. ರಾತ್ರಿ ತಂಗುವ ಮರಗಳಿಂದ ಕೊಳಕ್ಕೆ ಅವು ಬರುವ ದಾರಿ ಸಾಮಾನ್ಯವಾಗಿ ಒಂದೆರಡೇ. ಕ್ಯಾಮೆರಾ ಕೊಳ್ಳುವ ಮೊದಲು ಒಂದು ವಾರ ಬೆಳಿಗ್ಗೆ ಸಂಜೆ ಏರಿಯ ಮೇಲೆ ನಿಂತು ಯಾವ ದಿಕ್ಕಿನಿಂದ, ಎಷ್ಟು ಎತ್ತರದಲ್ಲಿ ಬರುತ್ತವೆ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ನೀರುಕಾಗೆಗಳು ಅನೇಕ ವೇಳೆ ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತವೆ, ಬಕ ಬೆಳ್ಳಕ್ಕಿಗಳು ಮೇಲಿನಿಂದ ತೇಲಿ ಇಳಿಯುತ್ತವೆ. ಈ ಗುರುತುಗಳಿದ್ದರೆ ಎರಡು ಮೂರು ಕ್ಯಾಮೆರಾದಲ್ಲಿ ಕೆಲಸ ಮುಗಿಯುತ್ತದೆ.

ಅತ್ತಿತ್ತ ತಿರುಗಿ ಜೂಮ್ ಮಾಡುವ ಪಿಟಿಜೆಡ್ ಕ್ಯಾಮೆರಾವನ್ನು ಮೊದಲ ಕಣ್ಣಾಗಿ ನೆಚ್ಚಬೇಡಿ. ಅದು ಒಂದು ಕಡೆ ನೋಡುವಾಗ ಹಿಂಡು ಇನ್ನೊಂದು ಕಡೆಯಿಂದ ಬಂದಿರುತ್ತದೆ. ಪತ್ತೆಗೆ ಸ್ಥಿರ ಕ್ಯಾಮೆರಾ ಇರಲಿ; ಹಣ ಮಿಕ್ಕಿದರೆ ಹತ್ತಿರದಿಂದ ನೋಡಿ ಜಾತಿ ಗುರುತಿಸಲು ಪಿಟಿಜೆಡ್.

ಇರುಳುಬಕಗಳ ಕಾಟವಿದ್ದರೆ ಮಾತ್ರ ಶಾಖದಿಂದ ಚಿತ್ರ ಮೂಡಿಸುವ ಥರ್ಮಲ್ ಕ್ಯಾಮೆರಾ ಯೋಚಿಸಿ. 12 ಮೈಕ್ರಾನ್ ಪಿಕ್ಸೆಲ್ಲಿನ ಥರ್ಮಲ್ ಕ್ಯಾಮೆರಾಕ್ಕೆ 25 ಮಿ.ಮೀ. ಲೆನ್ಸ್ ಹಾಕಿದರೂ ಅರ್ಧ ಮೀಟರಿನ ಹಕ್ಕಿಗೆ 100 ಮೀಟರಿನಲ್ಲಿ ಹತ್ತೇ ಪಿಕ್ಸೆಲ್. 384 ಪಿಕ್ಸೆಲ್ ಅಗಲದ ಸೆನ್ಸರ್ ಆದರೆ ನೋಟ 11 ಡಿಗ್ರಿಗಿಂತ ಕಡಿಮೆ. ಗರಿ ಒಳಗಿನ ಶಾಖವನ್ನು ತಡೆಯುವುದರಿಂದ ಹಕ್ಕಿ ನಾವೆಣಿಸಿದಷ್ಟು ಬೆಳಗುವುದಿಲ್ಲ. ತಣ್ಣನೆಯ ಆಕಾಶದ ಎದುರು ಚೆನ್ನಾಗಿ ಕಾಣುತ್ತದೆ, ಬೆಚ್ಚಗಿನ ನೀರಿನ ಎದುರು ಮಸುಕಾಗುತ್ತದೆ. ಮಂಜು ಮಳೆಯಲ್ಲಿ ಇನ್ನೂ ಕಷ್ಟ. ಸಾಮಾನ್ಯ ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪ 200 ಮೀಟರ್ ಮುಟ್ಟುವುದಿಲ್ಲ. ಮೇಲಾಗಿ ಹುಳಗಳು ಮುತ್ತುತ್ತವೆ, ಹುಳಕ್ಕಾಗಿ ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ, ರಾತ್ರಿಯಿಡೀ ಸುಳ್ಳು ಎಚ್ಚರಿಕೆ. ಆ ದೀಪವನ್ನು ಆರಿಸಿಬಿಡಿ.

ಒಳ್ಳೆಯ ಕ್ಯಾಮೆರಾ ತಂದೂ ಹಕ್ಕಿ ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ಸೆಟ್ಟಿಂಗಿನಲ್ಲಿರುತ್ತದೆ. ಕೊಳ್ಳುವಾಗಲೇ ಇವನ್ನೆಲ್ಲ ಕೈಯಾರೆ ಬದಲಿಸಲು ಬರುತ್ತದೆಯೇ ಎಂದು ಕೇಳಿ:

– ಶಟರ್: 1/500 ಸೆಕೆಂಡಿಗೆ ನಿಲ್ಲಿಸಿ. ಅಡ್ಡ ಹಾರುವ ಹಕ್ಕಿ 200 ಮೀಟರಿನಲ್ಲಿ ಸೆಕೆಂಡಿಗೆ 450 ಪಿಕ್ಸೆಲ್ ಸಾಗುತ್ತದೆ. 1/50ರಲ್ಲಿ ಅದು 9 ಪಿಕ್ಸೆಲ್ ಉದ್ದದ ಗೀರಾಗುತ್ತದೆ.
– ನಾಯ್ಸ್ ರಿಡಕ್ಷನ್: ಕನಿಷ್ಠಕ್ಕಿಳಿಸಿ. ಹಿಂದಿನ ಫ್ರೇಮುಗಳ ಜೊತೆ ಬೆರೆಸಿ ಕಲೆ ಅಳಿಸುವಾಗ ಪುಟ್ಟ ಹಕ್ಕಿಯನ್ನೂ ಕಲೆಯೆಂದೇ ಅಳಿಸುತ್ತದೆ.
– ಡಬ್ಲ್ಯುಡಿಆರ್ (ಬೆಳಕು-ನೆರಳು ಎರಡೂ ಕಾಣಲು ಹಲವು ಎಕ್ಸ್‌ಪೋಷರ್ ಬೆರೆಸುವ ಸೌಲಭ್ಯ): ಹಕ್ಕಿ ಎರಡಾಗಿ ಕಂಡರೆ ಅದನ್ನು ಆಫ್ ಮಾಡಿ, ಎಕ್ಸ್‌ಪೋಷರನ್ನು ಆಕಾಶದ ಭಾಗ ನೋಡಿ ಅಳೆಯುವಂತೆ ಹೊಂದಿಸಿ.
– ಸ್ಮಾರ್ಟ್ ಕೋಡೆಕ್ (ಮುಖ್ಯವಲ್ಲವೆಂದು ಕಂಡ ಭಾಗದ ವಿವರ ತಗ್ಗಿಸಿ ವಿಡಿಯೊ ಕಿರಿದಾಗಿಸುವ ಸೌಲಭ್ಯ): ಬೇಡ. 4ಕೆ ವಿಡಿಯೊಗೆ ಎಚ್.265 ಎಂಬ ಸಂಕೋಚನ ವಿಧಾನದಲ್ಲಿ 8ರಿಂದ 12 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸ್ಥಿರ ಬಿಟ್‌ರೇಟ್ ಕೊಡಿ. ಕಡಿಮೆಯಾದರೆ ಆಕಾಶ ಚೌಕಚೌಕವಾಗಿ, ಹಕ್ಕಿ ಅದರೊಳಗೆ ಕರಗುತ್ತದೆ.
– ಫೋಕಸ್: ದೂರದ ಮರಕ್ಕೆ ಹೊಂದಿಸಿ ಅಲ್ಲೇ ಲಾಕ್ ಮಾಡಿಬಿಡಿ. ಆಟೊಫೋಕಸ್ ಮಳೆಹನಿಯ ಬೆನ್ನು ಹತ್ತುತ್ತದೆ.

ಎಡವುವ ಇನ್ನೊಂದು ಜಾಗ ಸಾಫ್ಟ್‌ವೇರಿನಲ್ಲಿದೆ. ಹಕ್ಕಿ ಗುರುತಿಸುವ ಎಐ ಮಾದರಿಗಳಲ್ಲಿ ಹಲವು ಚಿತ್ರವನ್ನು 640 ಪಿಕ್ಸೆಲ್ಲಿಗೆ ಕುಗ್ಗಿಸಿ ನೋಡುತ್ತವೆ. 3840 ಪಿಕ್ಸೆಲ್ ಅಗಲದ ಚಿತ್ರ ಆರು ಪಟ್ಟು ಕುಗ್ಗಿದರೆ ನಿಮ್ಮ 15 ಪಿಕ್ಸೆಲ್ ಎರಡೂವರೆಯಾಗುತ್ತದೆ, ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ನೀರಿಗೆ. ಚಿತ್ರವನ್ನು 640ರ ತುಂಡುಗಳಾಗಿ ಕತ್ತರಿಸಿ ನೋಡಬೇಕು. ಇಡೀ ಚಿತ್ರಕ್ಕೆ 24 ತುಂಡು ಬೇಕು, ಸಣ್ಣ ಕಂಪ್ಯೂಟರಿಗೆ ಅದು ಭಾರ. ದಿಗಂತಕ್ಕೆ ಹೊಂದಿದ ಒಂದು ಪಟ್ಟಿಯನ್ನಷ್ಟೇ ತೆಗೆದುಕೊಂಡರೆ, ಅಂಚುಗಳು 64 ಪಿಕ್ಸೆಲ್ ಒಂದರ ಮೇಲೊಂದು ಬರುವಂತೆ ಇಟ್ಟರೂ, ಏಳರಲ್ಲಿ ಮುಗಿಯುತ್ತದೆ. ಕ್ಯಾಮೆರಾದ ಮುಖ್ಯ ಸ್ಟ್ರೀಮ್ ಆರ್‌ಟಿಎಸ್‌ಪಿಯಲ್ಲಿ (ಕ್ಯಾಮೆರಾದ ವಿಡಿಯೊವನ್ನು ಬೇರೆ ಸಾಫ್ಟ್‌ವೇರ್ ನೇರವಾಗಿ ಪಡೆಯುವ ವಿಧಾನ) ಸಿಗುವಂತಿರಬೇಕು. ಮೊಬೈಲ್ ಆ್ಯಪಿನಲ್ಲಷ್ಟೇ ತೆರೆದುಕೊಳ್ಳುವ ಕ್ಯಾಮೆರಾ ಎಷ್ಟು ಅಗ್ಗವಾದರೂ ಈ ಕೆಲಸಕ್ಕೆ ಬಾರದು.

ನಿಲ್ಲಿಸುವಾಗ ಉದಯ, ಅಸ್ತದ ಸೂರ್ಯ ಲೆನ್ಸಿಗೆ ನೇರ ಬೀಳದಂತೆ ನೋಡಿ. ಹಿಂಡು ಆ ದಿಕ್ಕಿನಿಂದಲೇ ಬರುವುದಾದರೆ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ, ದಾರಿಯನ್ನು ಓರೆಯಾಗಿ ನೋಡುವಂತೆ ತಿರುಗಿಸಿ. ದಿಗಂತ ಚಿತ್ರದ ಕೆಳಗಿನ ಮೂರನೇ ಒಂದು ಭಾಗದಲ್ಲಿರಲಿ. 4ರಿಂದ 6 ಮೀಟರ್ ಎತ್ತರ ಸಾಕು. ಅದಕ್ಕಿಂತ ಮೇಲೇರಿಸಿದರೆ ತಗ್ಗಿನಲ್ಲಿ ಬರುವ ನೀರುಕಾಗೆಯ ಹಿಂದೆ ಆಕಾಶದ ಬದಲು ಹೊಳೆಯುವ ನೀರು ಬರುತ್ತದೆ, ನೀರಿಗೆ ಗಾಳಿ ಬೆರೆಸುವ ಏರೇಟರಿನ ಅಲೆಗಳೆಲ್ಲ ಚಲನೆಯಾಗಿ ಕಾಣುತ್ತವೆ. ಕಂಬ ಅಲುಗಬಾರದು: ಈ ಲೆನ್ಸಿನಲ್ಲಿ ನೂರನೇ ಒಂದು ಡಿಗ್ರಿ ವಾಲಿದರೂ ಚಿತ್ರ ಒಂದು ಪಿಕ್ಸೆಲ್ ಸರಿಯುತ್ತದೆ. ಮೂರು ಕಡೆ ತಂತಿ ಬಿಗಿದು ಕಟ್ಟಿ.

ದೂಳು, ರಭಸದ ನೀರು ಒಳಹೋಗದ ಐಪಿ66 ದರ್ಜೆಗೆ ಕಡಿಮೆಯಿಲ್ಲದ ಕವಚ ಇರಲಿ. ಉಪ್ಪುನೀರಿನ ಕೊಳವಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಈಥರ್ನೆಟ್ ಕೇಬಲ್ 100 ಮೀಟರ್ ದಾಟಿದರೆ ಫೈಬರ್ ಎಳೆಯಿರಿ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಎರಡೂ ಬೇಕು. ಕ್ಯಾಮೆರಾದ ತಲೆಯ ಮೇಲೆ ಮುಳ್ಳುಪಟ್ಟಿ ಅಂಟಿಸಿ, ಇಲ್ಲವಾದರೆ ಅದೇ ಮಿಂಚುಳ್ಳಿಯ ಪೀಠವಾಗುತ್ತದೆ.

ಒಂದೇ ಒಂದು ಕ್ಯಾಮೆರಾ ತಂದು ಮೊದಲು ಪರೀಕ್ಷಿಸಿ. ಅರ್ಧ ಮೀಟರ್ ಉದ್ದದ ಕಪ್ಪು ರಟ್ಟನ್ನು ಕೋಲಿಗೆ ಕಟ್ಟಿ 100, 150, 200 ಮೀಟರಿನಲ್ಲಿ ಹಿಡಿಸಿ, ಮುಂಜಾನೆಯ ಬೆಳಕಿನಲ್ಲಿ ರೆಕಾರ್ಡ್ ಮಾಡಿ, ಚಿತ್ರವನ್ನು ಹಿಗ್ಗಿಸಿ ಪಿಕ್ಸೆಲ್ ಎಣಿಸಿ. ಲೆಕ್ಕಕ್ಕಿಂತ ತೀರಾ ಕಡಿಮೆ ಬಂದರೆ ಫೋಕಸ್ ಇಲ್ಲವೇ ಬಿಟ್‌ರೇಟ್ ಅನ್ನು ಅನುಮಾನಿಸಿ. ಆಮೇಲೆ ಒಂದು ವಾರ ಬರೇ ರೆಕಾರ್ಡಿಂಗ್ ನಡೆಯಲಿ, ಬೆದರಿಸುವ ಸಾಧನವನ್ನು ಇನ್ನೂ ಜೋಡಿಸಬೇಡಿ. ಬಂದ ಹಿಂಡುಗಳನ್ನು ಒಬ್ಬರು ಕಣ್ಣಾರೆ ಬರೆದಿಟ್ಟು ಸಾಫ್ಟ್‌ವೇರಿನ ಪಟ್ಟಿಯ ಜೊತೆ ತಾಳೆ ನೋಡಲಿ. ತಪ್ಪಿಹೋದ ಹಿಂಡುಗಳಷ್ಟೇ ಸುಳ್ಳು ಎಚ್ಚರಿಕೆಗಳನ್ನೂ ಎಣಿಸಿ, ಏಕೆಂದರೆ ಸುಮ್ಮಸುಮ್ಮನೆ ಸದ್ದು ಕೇಳುತ್ತಿದ್ದರೆ ಹಕ್ಕಿಗಳು ಅದಕ್ಕೆ ಬೇಗನೆ ಒಗ್ಗಿಕೊಳ್ಳುತ್ತವೆ.