ಬಿಸಿನೀರು ತಿಂದ ಬಂಡೆ: ರೇನಿಯರ್ ಕಲ್ಲನ್ನು ನಾನು ಪರೀಕ್ಷಿಸುವ ಬಗೆ

ಸಿಯಾಟಲ್ ಕಡೆಯ ಕನ್ನಡಿಗರು ಮೌಂಟ್ ರೇನಿಯರ್ ಎಂಬ ಹಿಮ ಹೊದ್ದ ಜ್ವಾಲಾಮುಖಿ ನೋಡಿಕೊಂಡು ಬಂದ ಮೇಲೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅದು ಮತ್ತೆ ಯಾವಾಗ ಸಿಡಿಯುತ್ತೆ?" ನನಗೆ ಜಾಸ್ತಿ ಚಿಂತೆ ಇರುವುದು ಅದು ಸಿಡಿಯದೆಯೇ ಕುಸಿಯುವ ಬಗ್ಗೆ. ಸುಮಾರು 500 ವರ್ಷದ ಹಿಂದೆ ಪರ್ವತದ ಪಶ್ಚಿಮ ಬದಿ ಜರಿದು, ಎಲೆಕ್ಟ್ರಾನ್ ಮಡ್‌ಫ್ಲೋ ಎಂಬ ಕೆಸರು ಪುಯಾಲಪ್ ಕಣಿವೆಗೆ ನುಗ್ಗಿತು. ಆಗ ಜ್ವಾಲಾಮುಖಿ ಸಿಡಿದದ್ದಕ್ಕೆ ಗುರುತು ಸಿಕ್ಕಿಲ್ಲ. ಓರ್ಟಿಂಗ್ ಊರು ಇವತ್ತು ನಿಂತಿರುವುದು ಆ ಕೆಸರಿನ ಮೇಲೆಯೇ.

ಗಟ್ಟಿ ಬೆಟ್ಟ ಸುಮ್ನೆ ಜರಿಯುವುದಿಲ್ಲ ಅಲ್ವಾ? ಒಳಗಿನ ಶಿಲಾರಸದಿಂದ ಗಂಧಕದ ಅನಿಲ ಏಳುತ್ತದೆ. ಹಿಮ ಕರಗಿ ಇಳಿದ ನೀರಿಗೆ ಅದು ಸೇರಿ ಗಂಧಕಾಮ್ಲವಾಗುತ್ತದೆ. ಬಿರುಕುಗಳಲ್ಲಿ ಓಡಾಡುವ ಈ ಬಿಸಿನೀರು ಆಂಡಸೈಟ್ ಎಂಬ ಜ್ವಾಲಾಮುಖಿ ಬಂಡೆಯ ಫೆಲ್ಡ್‌ಸ್ಪಾರ್ ಖನಿಜವನ್ನು ಕರಗಿಸಿ ಕೆಯೊಲಿನೈಟ್ ಎಂಬ ಜೇಡಿ, ಆಲುನೈಟ್ ಎಂಬ ಗಂಧಕದ ಖನಿಜ ಮಾಡುತ್ತದೆ. ಆಮ್ಲದ ತೀಕ್ಷ್ಣತೆ ಇಳಿದ ಕಡೆ ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿ ಮತ್ತು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಹುಟ್ಟುತ್ತವೆ. ಹೊರಗೆ ಬೆಟ್ಟದ ಆಕಾರ ಹಾಗೇ ಇರುತ್ತದೆ, ಒಳಗೆ ಜೇಡಿ.

ನ್ಯಾಷನಲ್ ಪಾರ್ಕಿನೊಳಗೆ ಪರವಾನಗಿ ಇಲ್ಲದೆ ಕಲ್ಲು ತೆಗೆಯುವಂತಿಲ್ಲ. ಹಾಗಾಗಿ ನಾನು ಕೆಳಗಿನ ಕಣಿವೆಯಲ್ಲಿ, ಜಾಗದವರ ಒಪ್ಪಿಗೆ ಪಡೆದು, ಹೊಳೆ ದಂಡೆ ಕೊರೆದ ಕಡೆ ಹಳೆಯ ಕೆಸರಿನ ಪದರದಿಂದಲೇ ಆರಿಸುತ್ತೇನೆ. ಮೊದಲ ಪರೀಕ್ಷೆಗೆ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತ ಸಾಕು. ಬದಲಾಗದ ಹೊಸ ಆಂಡಸೈಟ್ ಹತ್ತಿರ ಹಿಡಿದರೆ ಅದು ಕಲ್ಲಿನ ಕಡೆ ವಾಲುತ್ತದೆ. ಬದಲಾದ ಬಿಳಿಚಿದ ಕಲ್ಲಿಗೆ ಅಲುಗುವುದೇ ಇಲ್ಲ, ಏಕೆಂದರೆ ಅದರಲ್ಲಿದ್ದ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಕರಗಿಯೋ ಪೈರೈಟ್ ಆಗಿಯೋ ಹೋಗಿರುತ್ತದೆ. ಹೆಲಿಕಾಪ್ಟರಿನಿಂದ ಇಡೀ ಪರ್ವತದ ಕಾಂತತ್ವ ಅಳೆದವರು ನಂಬಿದ್ದೂ ಇದೇ ಗುಣವನ್ನು. ಆಮೇಲೆ ಚಾಕು. ಉಗುರಿಗೇ ಸಿಪ್ಪೆ ಎದ್ದರೆ ಆ ಕಲ್ಲು ಚೀಲಕ್ಕೆ.

ಲ್ಯಾಬಿನಲ್ಲಿ ಪುಡಿ ಮಾಡಿ ಡಿಸ್ಟಿಲ್ಡ್ ನೀರಿಗೆ ಹಾಕಿ ಕಲಕುತ್ತೇನೆ. ಸುಮಾರು 4 ಗಂಟೆ ಮುಟ್ಟುವುದಿಲ್ಲ. ಅಷ್ಟರಲ್ಲಿ ಮೇಲಿನ 5 ಸೆಂಟಿಮೀಟರ್‌ನಲ್ಲಿ 2 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಎರಡು ಪಾಲು) ಸಣ್ಣ ಕಣ ಮಾತ್ರ ತೇಲುತ್ತಿರುತ್ತವೆ. ಆ ಬಗ್ಗಡವನ್ನು ಗಾಜಿನ ಸ್ಲೈಡ್ ಮೇಲೆ ಒಣಗಿಸಿ ಎಕ್ಸ್‌ರೇ ಹಾಯಿಸಿದರೆ, ಸ್ಮೆಕ್ಟೈಟ್‌ನ ಗೆರೆ ಸುಮಾರು 15 ಆಂಗ್‌ಸ್ಟ್ರಾಮ್ ಹತ್ತಿರ ಏಳುತ್ತದೆ; ಅದು ಜೇಡಿಯ ಪದರಗಳ ನಡುವಿನ ಅಂತರ, ಆಂಗ್‌ಸ್ಟ್ರಾಮ್ ಎಂದರೆ ಅದನ್ನು ಅಳೆಯುವ ಅತಿ ಸಣ್ಣ ಮಾನ. ನನಗೆ ಯಾವಾಗಲೂ ಖುಷಿ ಕೊಡುವುದು ಮುಂದಿನ ಹೆಜ್ಜೆ. ಅದೇ ಸ್ಲೈಡನ್ನು ರಾತ್ರಿಯಿಡೀ ಗ್ಲೈಕಾಲ್ ಎಂಬ ದ್ರವದ ಆವಿಯಲ್ಲಿ ಇಟ್ಟರೆ ಬೆಳಿಗ್ಗೆ ಆ ಅಂತರ 17ಕ್ಕೆ ಉಬ್ಬಿರುತ್ತದೆ. ಉಬ್ಬಿದರೆ ಸ್ಮೆಕ್ಟೈಟ್ ಖಚಿತ. ಕೊನೆಗೆ 550 ಡಿಗ್ರಿಗೆ ಕಾಯಿಸಿ, 7 ಆಂಗ್‌ಸ್ಟ್ರಾಮಿನ ಗೆರೆ ಮಾಯವಾದರೆ ಅದು ಕೆಯೊಲಿನೈಟ್.

ಉತ್ತರ ಕರ್ನಾಟಕದವರಿಗೆ ಈ ಉಬ್ಬುವಿಕೆ ಹೊಸದಲ್ಲ. ಮಳೆಗೆ ಹಿಗ್ಗಿ ಬೇಸಿಗೆಗೆ ಬಾಯಿ ಬಿಡುವ ಎರೆಮಣ್ಣಿನಲ್ಲಿ ಇರುವುದೂ ಸ್ಮೆಕ್ಟೈಟೇ. ಹೊಲದಲ್ಲಿ ಅದು ಜೋಳಕ್ಕೆ ತೇವ ಕಾಪಾಡುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ನೀರು ಹಿಡಿದುಕೊಂಡು ಬಂಡೆಯ ಬಿಗಿ ತೆಗೆಯುತ್ತದೆ. ಜರಿದ ಮೇಲೂ ಅಂಟು ಬಿಡುವುದಿಲ್ಲ. ಜೇಡಿಯ ಪಾಲು ಶೇಕಡಾ 3ರಿಂದ 5ಕ್ಕಿಂತ ಜಾಸ್ತಿಯಾದರೆ ಕೆಸರು ದಾರಿಯಲ್ಲಿ ತೆಳುವಾಗದೆ ಬಹಳ ದೂರ ಹರಿಯುತ್ತದೆ. ಸುಮಾರು 5,600 ವರ್ಷದ ಹಿಂದಿನ ಓಸಿಯೋಲಾ ಕೆಸರು ಪ್ಯೂಜೆಟ್ ಸೌಂಡ್ ಎಂಬ ಕಡಲ ಒಳಚಾಚಿನ ನೀರಿನವರೆಗೂ ಹೋಗಿದ್ದು ಹಾಗೇ.

ಈ ಬದಲಾದ ಬಂಡೆ ಇನ್ನೂ ಜಾಸ್ತಿ ಉಳಿದಿರುವುದು ಪಶ್ಚಿಮದ ಮೇಲಿಳಿಜಾರಿನಲ್ಲಿ, ಪುಯಾಲಪ್ ಹೊಳೆಯ ತಲೆಯ ಮೇಲೆ. ಕೆಸರಿನ ಸದ್ದು ಹಿಡಿಯುವ ಸೆನ್ಸರ್‌ಗಳನ್ನು 1998ರಲ್ಲಿ ಆ ಕಣಿವೆಯಲ್ಲಿ ಹಾಕಿದರು. ಓರ್ಟಿಂಗ್ ಶಾಲೆಯ ಮಕ್ಕಳು ಎತ್ತರದ ಜಾಗಕ್ಕೆ ನಡೆದು ಹೋಗುವ ಅಭ್ಯಾಸ ಮಾಡುತ್ತಾರೆ. ಅಲ್ಲಿಗೆ ಹೋದಾಗ ರಸ್ತೆ ಬದಿಯ ಜ್ವಾಲಾಮುಖಿ ದಾರಿಫಲಕಗಳನ್ನು ನೀವೂ ಗಮನಿಸಿ. ಸೈರನ್ ಕೇಳಿದರೆ ಆ ದಾರಿಯಲ್ಲೇ ಎತ್ತರಕ್ಕೆ ಹೋಗಬೇಕು.